ತ್ರಿಭುಜದ ಅಜ್ಞಾತ ಕೋನ: ಕಳೆದು ಪಡೆಯುವುದು, ಅಳೆದು ಒಪ್ಪುವುದು

(ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಹಾಗೂ ನಾಗಮಂಗಲ ತಾಲ್ಲೂಕುಗಳ ಹಿರಿಯ ಪ್ರಾಥಮಿಕ ಮತ್ತು ಪ್ರೌಢಶಾಲೆಗಳ ಗಣಿತ ಶಿಕ್ಷಕರಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ತ್ರಿಭುಜದ ಎರಡು ಕೋನಗಳನ್ನು ಕೊಟ್ಟು ಮೂರನೆಯ ಕೋನವನ್ನು ಕಂಡುಹಿಡಿಯುವ ಲೆಕ್ಕವು ಶಾಲಾ ರೇಖಾಗಣಿತದಲ್ಲಿ ಅತ್ಯಂತ ಸುಲಭವಾದುದೆಂಬ ಭಾವನೆ ಸಾಮಾನ್ಯವಾಗಿದೆ. ಕೋನಗಳು 50 ಡಿಗ್ರಿ ಮತ್ತು 60 ಡಿಗ್ರಿ ಆಗಿದ್ದರೆ, ಎರಡನ್ನೂ ಕೂಡಿ 180ರಿಂದ ಕಳೆದರೆ 70 ದೊರೆಯುತ್ತದೆ. ಏಳನೆಯ ತರಗತಿಯ ಬಹುಪಾಲು ಮಕ್ಕಳು ಇದನ್ನು ಕೆಲವೇ ನಿಮಿಷಗಳಲ್ಲಿ ಕಲಿಯುತ್ತಾರೆ. ಆದರೆ ಇಷ್ಟು ಬೇಗ ಕೈಗೆ ಸಿಗುವ ಈ ಉತ್ತರದ ಹಿಂದೆ ಎರಡು ಪ್ರಶ್ನೆಗಳು ಉಳಿದುಬಿಡುತ್ತವೆ. 180 ಎಂಬ ಸಂಖ್ಯೆ ಎಲ್ಲಿಂದ ಬಂತು? ಕೊಟ್ಟ ಅಥವಾ ಅಳೆದ ಎರಡು ಕೋನಗಳಲ್ಲಿಯೇ ತಪ್ಪಿದ್ದರೆ ಅದು ತಿಳಿಯುವ ಬಗೆ ಯಾವುದು? ಈ ಎರಡು ಪ್ರಶ್ನೆಗಳನ್ನು ತರಗತಿಯಲ್ಲಿ ಎತ್ತಿಕೊಳ್ಳುವುದರ ಅಗತ್ಯವನ್ನು ವಿವರಿಸುವುದೇ ಈ ಉಪನ್ಯಾಸದ ಉದ್ದೇಶ.

1. ಸುಲಭ ಲೆಕ್ಕದೊಳಗಿನ ತೊಡಕು

ಕೋನಮಾಪಕದಲ್ಲಿ ಎರಡು ಸಾಲು ಅಂಕಿಗಳಿರುತ್ತವೆ. ಒಂದು ಎಡದಿಂದ ಬಲಕ್ಕೆ, ಇನ್ನೊಂದು ಬಲದಿಂದ ಎಡಕ್ಕೆ ಏರುತ್ತದೆ. 60 ಡಿಗ್ರಿಯ ಕೋನವನ್ನು ಅಳೆಯುವ ವಿದ್ಯಾರ್ಥಿನಿಯು ತಪ್ಪು ಸಾಲನ್ನು ಓದಿದರೆ 120 ಎಂದು ಬರೆಯುತ್ತಾಳೆ. ಇನ್ನೊಂದು ಕೋನವನ್ನು 50 ಎಂದು ಸರಿಯಾಗಿಯೇ ಓದಿದ್ದಾಳೆ ಎನ್ನೋಣ. ಅವಳು ಕಳೆಯುವ ಕ್ರಮವನ್ನೇ ಅನುಸರಿಸಿದರೆ ಮೂರನೆಯ ಕೋನ 10 ಡಿಗ್ರಿ ಎಂದು ಬರುತ್ತದೆ. ಮೂರೂ ಸಂಖ್ಯೆಗಳನ್ನು ಕೂಡಿದರೆ 180 ಆಗುತ್ತದೆ; ತಾಳೆ ಸರಿಹೋಯಿತು, ಲೆಕ್ಕ ಮುಗಿಯಿತು. ಆದರೆ ಮೂರು ಕೋನಗಳಲ್ಲಿ ಎರಡು ತಪ್ಪಾಗಿವೆ.

ಇದೇ ವಿದ್ಯಾರ್ಥಿನಿ ಮೂರನೆಯ ಕೋನವನ್ನೂ ಅಳೆದಿದ್ದರೆ 70 ದೊರೆಯುತ್ತಿತ್ತು. ಮೊತ್ತ 240 ಆಗುತ್ತಿತ್ತು. ಎಲ್ಲಿಯೋ ತಪ್ಪಾಗಿದೆ ಎಂಬುದು ಆ ಕ್ಷಣವೇ ಗೊತ್ತಾಗುತ್ತಿತ್ತು. ಕಳೆದು ಪಡೆದ ಕೋನವು ತಪ್ಪನ್ನು ತನ್ನೊಳಗೆ ಅಡಗಿಸಿಕೊಳ್ಳುತ್ತದೆ. ಅಳೆದು ಪಡೆದ ಕೋನವು ತಪ್ಪನ್ನು ಹೊರಗೆಡಹುತ್ತದೆ. ಉಳಿದೆಲ್ಲ ವಿಚಾರಗಳೂ ಈ ಒಂದು ಮಾತಿನ ವಿಸ್ತರಣೆಯೇ ಆಗಿವೆ.

2. 180 ಎಲ್ಲಿಂದ ಬಂತು

ಕಾಗದದಲ್ಲಿ ಒಂದು ತ್ರಿಭುಜವನ್ನು ಕತ್ತರಿಸಿ, ಅದರ ಮೂರು ಮೂಲೆಗಳನ್ನು ಹರಿದು ಒಂದರ ಪಕ್ಕ ಒಂದನ್ನು ಜೋಡಿಸಿದರೆ ನೇರ ಗೆರೆಯೊಂದು ಉಂಟಾಗುತ್ತದೆ. ಈ ಚಟುವಟಿಕೆ ಎಲ್ಲ ಶಾಲೆಗಳಲ್ಲಿಯೂ ನಡೆಯಬೇಕಾದುದೇ. ಆದರೆ ಅದು ತೋರಿಸುವುದು ಆ ಒಂದು ಕಾಗದದ ತ್ರಿಭುಜವನ್ನು ಮಾತ್ರ. ಜಗತ್ತಿನ ಎಲ್ಲ ತ್ರಿಭುಜಗಳಿಗೂ ಇದು ಅನ್ವಯಿಸುತ್ತದೆ ಎಂದು ಹೇಳಲು ಸಾಧನೆ ಬೇಕು.

ಆ ಸಾಧನೆ ಬಹಳ ಚಿಕ್ಕದು. ಅ, ಬ, ಕ ಎಂಬ ಮೂರು ಶೃಂಗಗಳ ತ್ರಿಭುಜವೊಂದಿದೆ. ಅ ಮೇಲೆ, ಬ ಮತ್ತು ಕ ಪಾದದಲ್ಲಿ. ಅ ಬಿಂದುವಿನ ಮೂಲಕ ಪಾದಕ್ಕೆ ಸಮಾಂತರವಾಗಿ ಒಂದು ಗೆರೆ ಎಳೆಯಬೇಕು. ಪರ್ಯಾಯ ಕೋನಗಳು ಸಮವಾದ್ದರಿಂದ, ಬ ಬಳಿಯ ಕೋನ ಆ ಗೆರೆಯ ಕೆಳಗೆ ಅ ಬಿಂದುವಿನ ಒಂದು ಪಕ್ಕದಲ್ಲಿಯೂ, ಕ ಬಳಿಯ ಕೋನ ಇನ್ನೊಂದು ಪಕ್ಕದಲ್ಲಿಯೂ ಕಾಣಿಸುತ್ತದೆ. ನಡುವೆ ತ್ರಿಭುಜದ ಅ ಕೋನವಿದೆ. ಮೂರೂ ಸೇರಿ ಒಂದು ಸರಳಕೋನ; ಅಂದರೆ 180 ಡಿಗ್ರಿ. ಯೂಕ್ಲಿಡನ ‘ಎಲಿಮೆಂಟ್ಸ್’ ಗ್ರಂಥದ ಮೊದಲ ಸಂಪುಟದ 32ನೆಯ ಪ್ರಮೇಯವು ಇದೇ ಆಗಿದೆ. ಹೊರಕೋನವು ಅದರ ಎರಡು ಅಂತರಾಭಿಮುಖ ಕೋನಗಳ ಮೊತ್ತಕ್ಕೆ ಸಮ ಎಂಬುದೂ ಅಲ್ಲಿಯೇ ಇದೆ.

ಈ ಸಾಧನೆಯನ್ನು ಅರಿತ ಮಗುವಿಗೆ ಹೊರಕೋನದ ಲೆಕ್ಕ ಹೊಸದಲ್ಲ. ಸಮಾಂತರ ರೇಖೆಗಳ ನಡುವಿನ ತ್ರಿಭುಜವೂ ಹೊಸದಲ್ಲ. ಹತ್ತನೆಯ ತರಗತಿಯಲ್ಲಿ ಎರಡು ಕೋನಗಳು ಸಮವಾಗಿದ್ದರೆ ತ್ರಿಭುಜಗಳು ಸಮರೂಪವಾಗಿರುತ್ತವೆ ಎಂಬ ನಿರ್ಧಾರಕ ಗುಣವನ್ನು ಬಳಸುವಾಗ, ಮೂರನೆಯ ಕೋನವನ್ನು ಏಕೆ ನೋಡಬೇಕಾಗಿಲ್ಲ ಎಂಬುದು ಅಂಥ ಮಗುವಿಗೆ ತಾನಾಗಿಯೇ ಹೊಳೆಯುತ್ತದೆ. ಸಾಧನೆಯನ್ನು ಬಿಟ್ಟು ಕಳೆಯುವ ಕ್ರಮವನ್ನಷ್ಟೇ ಕಲಿತ ಮಗುವು ಎಸ್.ಎಸ್.ಎಲ್.ಸಿ. ಹಂತದಲ್ಲಿ ಪ್ರತಿ ಪ್ರಮೇಯವನ್ನೂ ಬೇರೆ ಬೇರೆಯಾಗಿ ಕಂಠಪಾಠ ಮಾಡುವ ಹೊರೆಗೆ ಸಿಲುಕುತ್ತದೆ. ಗಣಿತ ತನಗಲ್ಲ ಎಂಬ ನಿರ್ಧಾರಕ್ಕೆ ಮಕ್ಕಳು ಬರುವುದು ಹೆಚ್ಚಾಗಿ ಇಂಥ ಹೊರೆಯಿಂದಲೇ.

3. ಶ್ರೀರಂಗಪಟ್ಟಣದ ಯುದ್ಧದ ನಂತರದ ಮೋಜಣಿ

ಕೋನಗಳನ್ನು ಅಳೆದು ದೇಶವನ್ನೇ ಅಳೆದ ಕಾರ್ಯವೊಂದರ ಆರಂಭ ಈ ಭಾಗದ ಇತಿಹಾಸದೊಂದಿಗೆ ಹೆಣೆದುಕೊಂಡಿದೆ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದು ಟಿಪ್ಪು ಸುಲ್ತಾನನು ಮಡಿದನು. ಮುತ್ತಿಗೆ ಹಾಕಿದ ಸೇನೆಯಲ್ಲಿ ವಿಲಿಯಂ ಲ್ಯಾಂಬ್ಟನ್ ಮತ್ತು ಕಾಲಿನ್ ಮೆಕೆಂಜಿ ಎಂಬ ಇಬ್ಬರು ಅಧಿಕಾರಿಗಳಿದ್ದರು. ಯುದ್ಧದ ನಂತರ ಮೆಕೆಂಜಿಯು ಮೈಸೂರು ಸಂಸ್ಥಾನದ ಮೋಜಣಿಯನ್ನು ಕೈಗೊಂಡನು. ಲ್ಯಾಂಬ್ಟನ್ ಪೂರ್ವ ಕರಾವಳಿಯಿಂದ ಪಶ್ಚಿಮ ಕರಾವಳಿಯವರೆಗೆ ತ್ರಿಭುಜಗಳ ಸರಣಿಯೊಂದನ್ನು ಹರಡುವ ಯೋಜನೆಯನ್ನು ಮದರಾಸು ಸರ್ಕಾರದ ಮುಂದಿಟ್ಟನು. 1800ರಲ್ಲಿ ಬೆಂಗಳೂರಿನ ಬಳಿ ಒಂದು ಆಧಾರರೇಖೆಯನ್ನು ಅಳೆಯಲಾಯಿತು. 1802ರ ಏಪ್ರಿಲ್‌ನಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಸುಮಾರು ಏಳೂವರೆ ಮೈಲಿ ಉದ್ದದ ಆಧಾರರೇಖೆಯ ಅಳತೆ ಮೊದಲಾಯಿತು. ಮುಂದೆ ‘ಮಹಾ ತ್ರಿಕೋನಮಿತೀಯ ಮೋಜಣಿ’ ಎಂದು ಹೆಸರಾದ ಕಾರ್ಯದ ಬುನಾದಿ ಇದೇ.

ಈ ವಿಧಾನದ ಸೊಗಸು ಸರಳವಾದುದು. ನೆಲದ ಮೇಲೆ ಸರಪಳಿ ಹಾಸಿ ಉದ್ದವನ್ನು ಅಳೆಯುವುದು ಕಷ್ಟದ ಕೆಲಸ. ಹಳ್ಳ, ಹೊಳೆ, ಕಾಡು, ಬೆಟ್ಟ ಅಡ್ಡ ಬರುತ್ತವೆ. ಕೋನವನ್ನು ಅಳೆಯಲು ಕಣ್ಣಿಗೆ ಕಾಣಿಸಿದರೆ ಸಾಕು. ಆದ್ದರಿಂದ ಒಂದೇ ಒಂದು ಬಾಹುವನ್ನು ಬಹಳ ಎಚ್ಚರಿಕೆಯಿಂದ ಅಳೆದು, ಅದರ ಎರಡು ತುದಿಗಳಿಂದ ದೂರದ ಬೆಟ್ಟವೊಂದನ್ನು ನೋಡಿ ಕೋನಗಳನ್ನು ಅಳೆದರೆ, ಉಳಿದ ಎರಡು ಬಾಹುಗಳ ಉದ್ದ ಲೆಕ್ಕದಿಂದಲೇ ದೊರೆಯುತ್ತದೆ. ಆ ಬಾಹುಗಳಲ್ಲಿ ಒಂದು ಮುಂದಿನ ತ್ರಿಭುಜಕ್ಕೆ ಆಧಾರವಾಗುತ್ತದೆ. ಹೀಗೆ ತ್ರಿಭುಜದ ಹೆಗಲ ಮೇಲೆ ತ್ರಿಭುಜ ಕುಳಿತು ಸರಣಿ ಮುಂದುವರಿಯುತ್ತದೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಎರಡು ಕೋನಗಳು ತಿಳಿದರೆ ಮೂರನೆಯದು ತಿಳಿದಂತೆಯೇ ಎಂಬುದು ಮೋಜಣಿದಾರರಿಗೆ ಗೊತ್ತಿರದ ವಿಷಯವಲ್ಲ. ಆದರೂ ಪ್ರಧಾನ ತ್ರಿಭುಜಗಳಲ್ಲಿ ಮೂರನೆಯ ಬೆಟ್ಟವನ್ನೂ ಹತ್ತಿ, ಭಾರವಾದ ಥಿಯೊಡೊಲೈಟ್ ಯಂತ್ರವನ್ನು ಅಲ್ಲಿಗೂ ಸಾಗಿಸಿ, ಮೂರನೆಯ ಕೋನವನ್ನೂ ಅಳೆಯುವುದು ರೂಢಿಯಾಗಿತ್ತು. ಯಂತ್ರದ ತೂಕ ಸುಮಾರು ಅರ್ಧ ಟನ್ನು. ಅಷ್ಟು ಶ್ರಮಕ್ಕೆ ಕಾರಣ ಒಂದೇ: ಮೂರನ್ನೂ ಅಳೆದರೆ ಮಾತ್ರ ಮೊತ್ತವನ್ನು ಪರೀಕ್ಷಿಸಲು ಸಾಧ್ಯ. ಮೊತ್ತದಲ್ಲಿ ಕಂಡ ವ್ಯತ್ಯಾಸವನ್ನು ಅವರು ಬರೆದಿಟ್ಟರು. ನಂತರ ಅದನ್ನು ನಿಯಮಬದ್ಧವಾಗಿ ಹಂಚಿ ಲೆಕ್ಕ ಮುಂದುವರಿಸಿದರು. 1804ರಲ್ಲಿ ಬೆಂಗಳೂರಿನ ಬಳಿ ಮತ್ತೊಂದು ಆಧಾರರೇಖೆಯನ್ನು ನೆಲದ ಮೇಲೆ ಅಳೆದು, ಮದರಾಸಿನಿಂದ ತ್ರಿಭುಜಗಳ ಮೂಲಕ ಲೆಕ್ಕ ಹಾಕಿ ಬಂದ ಉದ್ದದೊಂದಿಗೆ ಹೋಲಿಸಲಾಯಿತು. ಏಳು ಮೈಲಿಯ ರೇಖೆಯಲ್ಲಿ ಕಂಡ ವ್ಯತ್ಯಾಸ ಕೆಲವೇ ಅಂಗುಲಗಳು. ಸರಣಿಯು ಪಶ್ಚಿಮ ಕರಾವಳಿಯನ್ನು ಮುಟ್ಟಿದಾಗ, ಆ ಅಕ್ಷಾಂಶದಲ್ಲಿ ಪರ್ಯಾಯ ದ್ವೀಪದ ಅಗಲ ಅಂದಿನ ನಕ್ಷೆಗಳು ತೋರಿಸಿದ್ದಕ್ಕಿಂತ ಸುಮಾರು 40 ಮೈಲಿ ಕಡಿಮೆ ಎಂಬುದು ಬೆಳಕಿಗೆ ಬಂತು.

ಚುರುಕಾದ ವಿದ್ಯಾರ್ಥಿಯೊಬ್ಬ, ಭೂಮಿ ಗುಂಡಗಿರುವಾಗ ಮೊತ್ತ 180 ಆಗಲು ಹೇಗೆ ಸಾಧ್ಯ ಎಂದು ಕೇಳಬಹುದು. ಪ್ರಶ್ನೆ ಯೋಗ್ಯವಾದುದು. ಗೋಳದ ಮೇಲಿನ ತ್ರಿಭುಜದಲ್ಲಿ ಕೋನಗಳ ಮೊತ್ತ 180ಕ್ಕಿಂತ ಸ್ವಲ್ಪ ಹೆಚ್ಚು. ಭೂಮಿಯ ಮೇಲೆ ಸುಮಾರು 197 ಚದರ ಕಿಲೋಮೀಟರ್ ವಿಸ್ತೀರ್ಣಕ್ಕೆ ಒಂದು ಸೆಕೆಂಡಿನಷ್ಟು, ಅಂದರೆ ಒಂದು ಡಿಗ್ರಿಯ 3600ನೆಯ ಒಂದು ಭಾಗದಷ್ಟು, ಹೆಚ್ಚಳ ಬರುತ್ತದೆ. 4,961 ಚದರ ಕಿಲೋಮೀಟರ್ ವಿಸ್ತೀರ್ಣದ ಮಂಡ್ಯ ಜಿಲ್ಲೆಯಷ್ಟು ದೊಡ್ಡ ತ್ರಿಭುಜವಿದ್ದರೂ ಹೆಚ್ಚಳ ಸುಮಾರು 25 ಸೆಕೆಂಡು ಮಾತ್ರ. ಲ್ಯಾಂಬ್ಟನ್ನನ ಕಾರ್ಯದಲ್ಲಿ ಇದಕ್ಕೂ ಲೆಕ್ಕವಿತ್ತು. ಶಾಲೆಯ ಅಂಗಳಕ್ಕೂ ಹೊಲಕ್ಕೂ 180 ಎಂಬುದೇ ಸಾಕು.

4. ಒಂದು ಡಿಗ್ರಿಯ ಬೆಲೆ

ಒಂದು ಡಿಗ್ರಿ ಹೆಚ್ಚುಕಡಿಮೆಯಾದರೆ ಏನಾಯಿತು ಎಂಬ ಉದಾಸೀನಕ್ಕೆ ಹೊಲವೇ ಉತ್ತರ ಹೇಳುತ್ತದೆ. 100 ಮೀಟರ್ ಉದ್ದದ ಬದುವನ್ನು ಒಂದು ತುದಿಯಲ್ಲಿ ಸ್ಥಿರವಾಗಿಟ್ಟು ದಿಕ್ಕನ್ನು ಒಂದು ಡಿಗ್ರಿ ಮಾತ್ರ ತಪ್ಪಿಸಿದರೆ, ಇನ್ನೊಂದು ತುದಿ ಸುಮಾರು 1.75 ಮೀಟರ್ ಸರಿಯುತ್ತದೆ. ಸರಿಯಾದ ಬದು ಮತ್ತು ತಪ್ಪಿದ ಬದುವಿನ ನಡುವೆ ಸಿಲುಕುವ ತ್ರಿಭುಜಾಕಾರದ ನೆಲ ಸುಮಾರು 87 ಚದರ ಮೀಟರ್. ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ. ಅಂದರೆ 1,089 ಚದರ ಅಡಿ ಅಥವಾ ಸುಮಾರು 101 ಚದರ ಮೀಟರ್. ಹಾಗಾದರೆ ಒಂದು ಡಿಗ್ರಿಯ ತಪ್ಪಿಗೆ ಮುಕ್ಕಾಲು ಗುಂಟೆಗೂ ಮಿಗಿಲಾದ ನೆಲ ಒಬ್ಬರಿಂದ ಇನ್ನೊಬ್ಬರ ಕಡೆಗೆ ಹೋಗುತ್ತದೆ. ನಾಲೆಯ ಬಯಲಿನ ಗದ್ದೆಯಲ್ಲಿ ಮುಕ್ಕಾಲು ಗುಂಟೆ ಎಂದರೆ ಏನೆಂಬುದನ್ನು ಈ ತಾಲ್ಲೂಕುಗಳ ಮಕ್ಕಳಿಗೆ ವಿವರಿಸಬೇಕಾಗಿಲ್ಲ. ಹದ್ದುಬಸ್ತಿಗಾಗಿ ಅರ್ಜಿ ಕೊಟ್ಟು ಭೂಮಾಪಕರ ದಾರಿ ಕಾಯುವ ಕುಟುಂಬಗಳು ಪ್ರತಿ ಊರಿನಲ್ಲಿಯೂ ಇರುತ್ತವೆ.

ಹಳೆಯ ಮೋಜಣಿಯಲ್ಲಿ ಬಳಸುತ್ತಿದ್ದ 33 ಅಡಿಯ ಸರಪಳಿಗೆ 16 ಆಣೆಗಳು. ಜಮೀನಿನ ನಡುವೆ ಒಂದು ಗೆರೆಯನ್ನು ಹಿಡಿದು, ಅದಕ್ಕೆ ಲಂಬವಾಗಿ ಮೂಲೆಮೂಲೆಗೂ ಅಳತೆ ತೆಗೆದು, ಇಡೀ ಜಮೀನನ್ನು ತ್ರಿಭುಜಗಳಾಗಿಯೂ ತ್ರಾಪಿಜ್ಯಗಳಾಗಿಯೂ ಒಡೆದು ವಿಸ್ತೀರ್ಣ ಕಟ್ಟುವುದು ಆ ಕ್ರಮ. ಲಂಬಕೋನ ತಪ್ಪಿದರೆ ವಿಸ್ತೀರ್ಣವೂ ತಪ್ಪುತ್ತದೆ. ಮನೆಯ ಪಾಯ ಹಾಕುವ ಗಾರೆ ಕೆಲಸದವರು 3, 4, 5 ಅಡಿಗಳ ಅಳತೆಯಿಂದ ಮೂಲೆಯನ್ನು ಪರೀಕ್ಷಿಸುವುದೂ ಇದೇ ಕಾರಣಕ್ಕೆ. ಸಂಸ್ಕೃತದಲ್ಲಿಯೂ ಹಳೆಯ ಕನ್ನಡದಲ್ಲಿಯೂ ಆಕೃತಿಗಳ ಗಣಿತಕ್ಕೆ ‘ಕ್ಷೇತ್ರಗಣಿತ’ ಎಂಬ ಹೆಸರಿದೆ. ಕ್ಷೇತ್ರವೆಂದರೆ ಆಕೃತಿಯೂ ಹೌದು, ಹೊಲವೂ ಹೌದು.

5. ಅಳತೆಯನ್ನು ತಿದ್ದಬಾರದು

ತರಗತಿಯಲ್ಲಿ ಮಕ್ಕಳು ತ್ರಿಭುಜವೊಂದರ ಮೂರು ಕೋನಗಳನ್ನು ಅಳೆದಾಗ ಮೊತ್ತ 178, 179, 181 ಎಂದು ಬರುವುದು ಸಹಜ. ಪೆನ್ಸಿಲಿನ ಗೆರೆಗೆ ದಪ್ಪವಿದೆ, ಕೋನಮಾಪಕದ ಕೇಂದ್ರ ಶೃಂಗದ ಮೇಲೆ ಸರಿಯಾಗಿ ಕೂಡುವುದಿಲ್ಲ, ಬಾಹುಗಳು ಗಿಡ್ಡವಾಗಿರುತ್ತವೆ. ಉತ್ತರ 180 ಆಗಲೇಬೇಕೆಂದು ತಿಳಿದಿರುವ ಮಗು ಒಂದು ಸಂಖ್ಯೆಯನ್ನು ಅಳಿಸಿ ತಿದ್ದುತ್ತದೆ. ಪುಸ್ತಕ ತಿದ್ದುವ ಶಿಕ್ಷಕರು ಅದಕ್ಕೆ ಸರಿ ಗುರುತು ಹಾಕುತ್ತಾರೆ. 178 ಎಂದು ಇದ್ದುದನ್ನು ಇದ್ದಂತೆ ಬರೆದ ಮಗುವಿಗೆ ತಪ್ಪು ಗುರುತು ಬೀಳುತ್ತದೆ. ಇಲ್ಲಿ ಸತ್ಯ ಹೇಳಿದ ಮಗು ಸೋತು, ಅಳತೆಯನ್ನು ತಿದ್ದಿದ ಮಗು ಗೆದ್ದಂತಾಯಿತು. ಇದು ಗಣಿತದ ಪಾಠವಾಗಬಾರದು.

ಎರಡು ಮಾತುಗಳನ್ನು ಪ್ರತ್ಯೇಕವಾಗಿಡಬೇಕು. ಪ್ರಮೇಯ ಹೇಳುವ 180 ನಿಶ್ಚಿತ, ಅದಕ್ಕೆ ಸಾಧನೆಯಿದೆ. ಅಳತೆ ಹೇಳುವ 178 ಪ್ರಾಮಾಣಿಕ. ಅದಕ್ಕೆ ಉಪಕರಣದ ಮಿತಿಯಿದೆ. ವ್ಯತ್ಯಾಸವಾದ 2 ಡಿಗ್ರಿಯನ್ನು ‘ಅಳತೆಯ ವ್ಯತ್ಯಾಸ’ ಎಂಬ ಶೀರ್ಷಿಕೆಯಡಿ ಬರೆಸಬೇಕು. ನಂತರ ಅದನ್ನು ಕಡಿಮೆ ಮಾಡುವುದು ಹೇಗೆಂದು ಕೇಳಬೇಕು. ತ್ರಿಭುಜವನ್ನು ದೊಡ್ಡದಾಗಿ ಬರೆಯುವುದು, ಪೆನ್ಸಿಲನ್ನು ಚೂಪು ಮಾಡುವುದು, ಎರಡೆರಡು ಬಾರಿ ಅಳೆದು ಸರಾಸರಿ ತೆಗೆಯುವುದು ಎಂಬ ಉತ್ತರಗಳು ಮಕ್ಕಳಿಂದಲೇ ಬರುತ್ತವೆ.

6. ಕಾರಣ ಹೇಳದ ಉತ್ತರ ಅರ್ಧ ಉತ್ತರ

ಅಜ್ಞಾತ ಕೋನದ ಪ್ರತಿ ಲೆಕ್ಕದಲ್ಲಿಯೂ ಪ್ರತಿ ಹಂತದ ಪಕ್ಕದಲ್ಲಿ ಕಾರಣವನ್ನು ಬರೆಸುವುದು ಅವಶ್ಯ. ಕೆಲವು ಉದಾಹರಣೆಗಳು ಇಲ್ಲಿವೆ.

ತ್ರಿಭುಜವೊಂದರ ಹೊರಕೋನ 110 ಡಿಗ್ರಿ, ಅಂತರಾಭಿಮುಖ ಕೋನಗಳಲ್ಲಿ ಒಂದು 45 ಡಿಗ್ರಿ. ಹೊರಕೋನವು ಎರಡು ಅಂತರಾಭಿಮುಖ ಕೋನಗಳ ಮೊತ್ತವಾದ್ದರಿಂದ ಇನ್ನೊಂದು 65 ಡಿಗ್ರಿ. ಸರಳಯುಗ್ಮದಿಂದ ಹೊರಕೋನದ ಪಕ್ಕದ ಒಳಕೋನ 70 ಡಿಗ್ರಿ. ತಾಳೆ: 45, 65, 70 ಕೂಡಿ 180.

ಕೋನಗಳು 2, 3, 4ರ ಅನುಪಾತದಲ್ಲಿದ್ದರೆ ಒಟ್ಟು 9 ಭಾಗ. ಒಂದು ಭಾಗಕ್ಕೆ 20 ಡಿಗ್ರಿ. ಕೋನಗಳು 40, 60, 80.

ಇನ್ನೊಂದು ಪ್ರಶ್ನೆ ವಿಶೇಷ ಗಮನಕ್ಕೆ ಅರ್ಹವಾದುದು. ಸಮದ್ವಿಬಾಹು ತ್ರಿಭುಜದ ಒಂದು ಕೋನ 40 ಡಿಗ್ರಿ, ಉಳಿದವು ಎಷ್ಟು? 40 ಶೃಂಗಕೋನವಾದರೆ ಉಳಿದವು 70 ಮತ್ತು 70. 40 ಪಾದಕೋನವಾದರೆ ಉಳಿದವು 40 ಮತ್ತು 100. ಎರಡೂ ಸರಿ. ಪ್ರಶ್ನೆಯಲ್ಲಿ ಒಂದು ಕೋನ 100 ಡಿಗ್ರಿ ಎಂದಿದ್ದರೆ ಉತ್ತರ ಒಂದೇ. ಎರಡು ಪಾದಕೋನಗಳೂ 100 ಆಗಲು ಸಾಧ್ಯವೇ ಇಲ್ಲ. ಚಿತ್ರ ನೋಡಿ ಊಹಿಸುವ ಮಗುವಿಗೆ ಒಂದೇ ಉತ್ತರ ಕಾಣುತ್ತದೆ. ಕಾರಣ ಹುಡುಕುವ ಮಗುವಿಗೆ ಎರಡೂ ಕಾಣುತ್ತವೆ.

7. ಹೊಳೆಯ ಅಗಲ, ಬೆಟ್ಟದ ಎತ್ತರ

ಶ್ರೀರಂಗಪಟ್ಟಣವನ್ನು ಕಾವೇರಿಯ ಎರಡು ಕವಲುಗಳು ಸುತ್ತುವರಿದಿವೆ. ಕೃಷ್ಣರಾಜಪೇಟೆ ತಾಲ್ಲೂಕಿನಲ್ಲಿ ಹೇಮಾವತಿ ಹರಿಯುತ್ತದೆ. ನೀರಿಗೆ ಇಳಿಯದೆ ಹೊಳೆಯ ಅಗಲವನ್ನು ತಿಳಿಯಬಹುದು. ಎದುರು ದಡದ ಒಂದು ಮರಕ್ಕೆ ನೇರವಾಗಿ ಈ ದಡದಲ್ಲಿ ಗೂಟವೊಂದನ್ನು ನೆಡಬೇಕು. ಅಲ್ಲಿಂದ ದಡದ ಗುಂಟ, ಮರದ ದಿಕ್ಕಿಗೆ ಲಂಬವಾಗಿ ನಡೆಯುತ್ತ, ಮರವು ನಡೆದ ಗೆರೆಗೆ 45 ಡಿಗ್ರಿಯಲ್ಲಿ ಕಾಣುವ ಸ್ಥಳದಲ್ಲಿ ನಿಲ್ಲಬೇಕು. ತ್ರಿಭುಜದ ಎರಡು ಕೋನಗಳು 90 ಮತ್ತು 45. ಮರದ ಬಳಿಯ ಅಜ್ಞಾತ ಕೋನವೂ 45. ಸಮಕೋನಗಳ ಎದುರಿನ ಬಾಹುಗಳು ಸಮ. ಆದ್ದರಿಂದ ನಡೆದ ದೂರವೇ ಗೂಟದಿಂದ ಮರಕ್ಕಿರುವ ದೂರ. ಇಲ್ಲಿ ಮೂರನೆಯ ಕೋನವನ್ನು ಅಳೆಯಲು ಹೊಳೆ ದಾಟಬೇಕಾಗುತ್ತದೆ, ಅದು ಕೂಡದು. ಬದಲಾಗಿ ಗೂಟದ ಇನ್ನೊಂದು ಪಕ್ಕಕ್ಕೂ ನಡೆದು ಇದೇ ಅಳತೆಯನ್ನು ಮತ್ತೆ ಮಾಡಬೇಕು. ಎರಡು ದೂರಗಳು ಹೊಂದಿದರೆ ಅಳತೆಯನ್ನು ಒಪ್ಪಬಹುದು. 46 ಡಿಗ್ರಿಯನ್ನು 45 ಎಂದು ತಪ್ಪಾಗಿ ಓದಿದರೆ 100 ಮೀಟರಿಗೆ ಮೂರು ಮೀಟರಿಗೂ ಹೆಚ್ಚಿನ ವ್ಯತ್ಯಾಸ ಬರುತ್ತದೆ ಎಂಬುದನ್ನು ಮಕ್ಕಳು ಆಗ ತಾವೇ ಕಾಣುತ್ತಾರೆ. ದಡದ ಈ ಚಟುವಟಿಕೆಯು ಶಿಕ್ಷಕರ ಸಮ್ಮುಖದಲ್ಲಿ, ನೀರಿನಿಂದ ಸುರಕ್ಷಿತ ದೂರದಲ್ಲಿ ಮಾತ್ರ ನಡೆಯಬೇಕು. ಶಾಲೆಯ ಮೈದಾನದಲ್ಲಿ ಸುಣ್ಣದ ಗೆರೆಗಳಿಂದ ‘ಹೊಳೆ’ ಬರೆದು ಮಾಡಿದರೂ ಗಣಿತ ಅದೇ.

ಪಾಂಡವಪುರದ ಕುಂತಿಬೆಟ್ಟ, ಶ್ರೀರಂಗಪಟ್ಟಣದ ಕರಿಘಟ್ಟ, ಕೃಷ್ಣರಾಜಪೇಟೆಯ ನಾರಾಯಣದುರ್ಗ, ನಾಗಮಂಗಲದ ಆದಿಚುಂಚನಗಿರಿ ಇವು ಸುತ್ತಲಿನ ಬಯಲಿನಿಂದ ಎದ್ದು ಕಾಣುವ ಬೆಟ್ಟಗಳು. ಸಮತಟ್ಟಾದ ನೆಲದಲ್ಲಿ, ಶಿಖರವು 15 ಡಿಗ್ರಿ ಎತ್ತರದಲ್ಲಿ ಕಾಣುವ ಸ್ಥಳವೊಂದನ್ನು ಗುರುತಿಸಿ, ಶಿಖರದ ನೇರಕ್ಕೆ ಮುಂದೆ ನಡೆದು 30 ಡಿಗ್ರಿ ಕಾಣುವ ಸ್ಥಳದಲ್ಲಿ ನಿಂತರೆ, 30 ಎಂಬುದು ಹೊರಕೋನವಾಗುತ್ತದೆ. ಅಂತರಾಭಿಮುಖ ಕೋನಗಳಲ್ಲಿ ಒಂದು 15. ಶಿಖರದ ಬಳಿಯ ಅಜ್ಞಾತ ಕೋನವೂ 15. ತ್ರಿಭುಜ ಸಮದ್ವಿಬಾಹು, ಎರಡನೆಯ ಸ್ಥಳದಿಂದ ಶಿಖರಕ್ಕಿರುವ ನೇರ ದೂರ ನಡೆದ ದೂರಕ್ಕೆ ಸಮ. 30 ಡಿಗ್ರಿಯ ಲಂಬಕೋನ ತ್ರಿಭುಜದಲ್ಲಿ ಎತ್ತರವು ವಿಕರ್ಣದ ಅರ್ಧ. ಹಾಗಾಗಿ 200 ಮೀಟರ್ ನಡೆದಿದ್ದರೆ, ಕಣ್ಣಿನ ಮಟ್ಟದಿಂದ ಶಿಖರದ ಎತ್ತರ 100 ಮೀಟರ್. ಕೋನಮಾಪಕಕ್ಕೆ ಒಂದು ಸ್ಟ್ರಾ ಅಂಟಿಸಿ, ಕೇಂದ್ರದಿಂದ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟರೆ ಬೇಕಾದ ಉಪಕರಣ ಸಿದ್ಧ. ಅದರಿಂದ ಸೂರ್ಯನನ್ನು ನೋಡಬಾರದೆಂದು ಮಕ್ಕಳಿಗೆ ಮೊದಲೇ ತಿಳಿಸಬೇಕು.

8. ಶಾಲೆಗಳಲ್ಲಿ ಕೈಗೊಳ್ಳಬಹುದಾದ ಕ್ರಮಗಳು

(ಅ) ಅಜ್ಞಾತ ಕೋನದ ಪಾಠವನ್ನು ಸೂತ್ರದಿಂದ ಆರಂಭಿಸದೆ, ಅಳತೆಯಿಂದ ಆರಂಭಿಸಿ ಸಾಧನೆಯಲ್ಲಿ ಮುಗಿಸುವುದು.

(ಆ) ಮೈದಾನದಲ್ಲಿ ಮೂರು ಗೂಟಗಳಿಗೆ ಹುರಿ ಕಟ್ಟಿ, ಒಂದೊಂದು ಗುಂಪು ಮೂರೂ ಕೋನಗಳನ್ನು ಅಳೆದು, ತಿದ್ದದೆ ದಾಖಲಿಸುವುದು. ಗುಂಪುಗಳ ಮೊತ್ತವನ್ನು ಕಪ್ಪು ಹಲಗೆಯ ಮೇಲೆ ಒಟ್ಟಿಗೆ ಬರೆದು ಚರ್ಚಿಸುವುದು.

(ಇ) ಲೆಕ್ಕದ ಪುಸ್ತಕದಲ್ಲಿ ‘ಹಂತ’, ‘ಕಾರಣ’, ‘ತಾಳೆ’ ಎಂಬ ಮೂರು ಅಂಕಣಗಳನ್ನು ರೂಢಿಸುವುದು.

(ಈ) ಅಳತೆಯ ಚಟುವಟಿಕೆಯಲ್ಲಿ ಮೊತ್ತ 180 ಬರಲಿಲ್ಲವೆಂಬ ಕಾರಣಕ್ಕೆ ಅಂಕ ಕಡಿತಗೊಳಿಸದಿರುವುದು. ವ್ಯತ್ಯಾಸವನ್ನು ವಿವರಿಸಿದ ಮಗುವನ್ನು ತರಗತಿಯ ಮುಂದೆ ಮೆಚ್ಚುವುದು.

(ಉ) ಊರಿನ ಗಾರೆ ಕೆಲಸದವರನ್ನಾಗಲಿ, ಬಡಗಿಯನ್ನಾಗಲಿ, ಭೂಮಾಪಕರನ್ನಾಗಲಿ ಒಂದು ದಿನ ಶಾಲೆಗೆ ಆಹ್ವಾನಿಸಿ, ಅವರು ಮೂಲೆಯನ್ನು ಪರೀಕ್ಷಿಸುವ ವಿಧಾನವನ್ನು ಮಕ್ಕಳಿಗೆ ತೋರಿಸುವುದು.

ಇವುಗಳಲ್ಲಿ ಯಾವುದಕ್ಕೂ ವಿಶೇಷ ಅನುದಾನ ಬೇಕಿಲ್ಲ. ಹುರಿ, ಗೂಟ, ಕೋನಮಾಪಕ, ಒಂದು ಅವಧಿಯ ಸಮಯ ಸಾಕು. ಇಂದಿನ ಭೂಮಾಪಕರ ಕೈಯಲ್ಲಿ ಟೋಟಲ್ ಸ್ಟೇಷನ್ ಯಂತ್ರವಿದೆ, ಮೇಲೆ ಡ್ರೋನ್ ಹಾರುತ್ತದೆ. ಆದರೂ ಯಂತ್ರ ಕೊಟ್ಟ ಸಂಖ್ಯೆಯನ್ನು ಪರೀಕ್ಷಿಸದೆ ಒಪ್ಪಬಾರದೆಂಬ ವಿವೇಕ ಮನುಷ್ಯನದೇ. ಎರಡು ಕೋನಗಳಿಂದ ಮೂರನೆಯದನ್ನು ಹೇಳಬಲ್ಲ ಮಗು ಪರೀಕ್ಷೆಯಲ್ಲಿ ಒಂದು ಅಂಕ ಗಳಿಸುತ್ತದೆ. ಮೂರನೆಯದನ್ನೂ ಅಳೆದು, ಹೊಂದದಿದ್ದರೆ ‘ಎಲ್ಲಿ ತಪ್ಪಿತು’ ಎಂದು ಕೇಳಬಲ್ಲ ಮಗು ನಾಳೆ ತನ್ನ ಮನೆಯ ಪಾಯವನ್ನೂ ಹೊಲದ ಬದುವನ್ನೂ ಪಹಣಿಯ ವಿಸ್ತೀರ್ಣವನ್ನೂ ಅದೇ ಕಣ್ಣಿನಿಂದ ನೋಡುತ್ತದೆ. ನಾಲ್ಕೂ ತಾಲ್ಲೂಕುಗಳ ಶಿಕ್ಷಕ ಬಂಧುಗಳು ಈ ಎರಡನೆಯ ಬಗೆಯ ಮಕ್ಕಳನ್ನು ರೂಪಿಸಲೆಂಬುದೇ ಇಲ್ಲಿನ ವಿನಂತಿ.